ಏಳನೇ ಕೊಳ

ಪೇಕೋಸ್ ಹೊಳೆಯ ಆಚೆ, ನ್ಯೂ ಮೆಕ್ಸಿಕೋದ ಬೋಳು ಬಯಲು.
ಕುಡಿಯಲೂ ಬಾರದ, ಬಿತ್ತಲೂ ಬಾರದ ಉಪ್ಪುನೀರನ್ನು
ನೆಲದಡಿಯಿಂದ ಎತ್ತಿ, ಓಟದ ಪಟ್ಟಿಯಂಥ
ಹನ್ನೆರಡು ಕೊಳಗಳಲ್ಲಿ ಸುತ್ತಿಸುತ್ತಿದ್ದರು.
ಅಲ್ಲಿ ನನ್ನ ಕೆಲಸ: ಹಾವಸೆ ಕಾಯುವುದು.

ಹೌದು, ಕಾಯುವುದೇ.
ಅಜ್ಜ ಕುರಿ ಕಾದ. ಅಪ್ಪ ಎಣ್ಣೆಬಾವಿ ಕಾದ.
ನಾನು, ಡೆಲ್ಫಿನಾ ಆರ್ಚುಲೆಟಾ, ಕಣ್ಣಿಗೆ ಕಾಣದ ಮಂದೆಯ
ತಲೆ ಎಣಿಸಲು ಬೆಳಗಿನ ಆರಕ್ಕೇ ಹಾಜರು.
ಒಂದು ಹನಿ, ಒಂದು ಗಾಜು, ಮಸೂರದ ಕೆಳಗೆ
ಚೌಕಾಬಾರದ ಮನೆಗಳಂಥ ಗೆರೆ.
ಮನೆಗೆ ನಲವತ್ತಿದ್ದರೆ ಒಳ್ಳೆಯ ದಿನ.

ಜನ ಪಾಚಿ ಎನ್ನುತ್ತಾರೆ,
ಕಾಲು ಜಾರಿದಾಗಷ್ಟೇ ಅದನ್ನು ನೆನೆದವರು.

ಅವಕ್ಕೆ ಬೇಕಾದ್ದು ಹೆಚ್ಚೇನಿಲ್ಲ.
ಬಿಸಿಲು. ಪಕ್ಕದ ಸ್ಥಾವರ ಉಗುಳಿದ ಹೊಗೆಯನ್ನು
ಕೊಳವೆಯಲ್ಲಿ ತಂದು ತಳದಿಂದ ಗುಳುಗುಳು ಬಿಟ್ಟರೆ
ಪಾನಕದಂತೆ ಹೀರುತ್ತವೆ.
ಮತ್ತೆ, ನಿಲ್ಲದ ನಡಿಗೆ. ಹಲಗೆಚಕ್ರ ತಿರುಗುತ್ತಲೇ ಇರಬೇಕು,
ಒಲೆಯ ಮೇಲಿನ ಪಾಯಸದ ಹಾಗೆ,
ಕೈ ಬಿಟ್ಟಿರೋ, ತಳ ಹಿಡಿಯಿತು.

ಹೊಟ್ಟೆಗೆ ಕಮ್ಮಿ ಮಾಡಿದರೇ ಕೊಬ್ಬುತ್ತವೆ!
ಇದನ್ನು ಅರಗಿಸಿಕೊಳ್ಳಲು ನನಗೊಂದು ವರ್ಷ ಹಿಡಿಯಿತು.
ಸಾರಜನಕ ತಡೆದರೆ ಹೆದರಿ, ಬರಗಾಲಕ್ಕೆಂದು
ಮೈಯೊಳಗೆ ಎಣ್ಣೆ ಕೂಡಿಡುತ್ತವೆ
(ಅಜ್ಜಿಯ ಮಂಚದಡಿ ಸಕ್ಕರೆ ಡಬ್ಬಿಗಳಿದ್ದವು, ಒಂಬತ್ತು).
ಆ ಹೆದರಿಕೆಯನ್ನು ಹಿಂಡಿದರೆ ಇಂಧನ.

ನೋಡಲು ಬಂದವರೆಲ್ಲ ಸೀಸೆಯನ್ನು ಬಿಸಿಲಿಗೆ ಹಿಡಿದು
ಫೋಟೋ ತೆಗೆಸಿಕೊಂಡರು.
"ಇದರಲ್ಲಿ ವಿಮಾನ ಹಾರುತ್ತೆ" ಅಂತ ಒಬ್ಬ ನೀಲಿ ಟೈ.
ಹಾರುತ್ತದೆ, ಸುಳ್ಳಲ್ಲ.
ಲೀಟರಿಗೆ ಎಷ್ಟು ಬಿತ್ತು ಎಂದು ಕೇಳಿದವಳಿಗೆ
ಊಟಕ್ಕೆ ಹೊತ್ತಾಯಿತೆಂದರು.

ಜೂನಿನ ಒಂದು ರಾತ್ರಿ ರೋಟಿಫರ್ ಹುಳು ನುಗ್ಗಿತು,
ಬಾಯಿಯ ಎರಡು ಬದಿಗೂ ರಾಟೆ ತಿರುಗಿಸುತ್ತ.
ಸಂಜೆ ಪಚ್ಚೆಯಾಗಿದ್ದ ಮೂರು ಕೊಳ
ಬೆಳಗಾಗುವಾಗ ಸೋಸಿದ ಚಹಾ.
ನಾನು ದಂಡೆಯಲ್ಲಿ ಕೂತು ಅತ್ತೆ. ಯಾರಿಗೆ ಹೇಳಲಿ,
ಹೆಸರಿಡದ ಕೋಟಿ ಕೋಟಿ ಸತ್ತವು ಅಂತ?

ಸೆಪ್ಟೆಂಬರಿನಲ್ಲಿ ಕಾಗದ ಬಂತು. ಕಚ್ಚಾ ತೈಲದ ಬೆಲೆ ಬಿದ್ದಿದೆ,
ಕೊಳಗಳನ್ನು ಬರಿದು ಮಾಡಿ, ಬೀಗದ ಕೈ ಒಪ್ಪಿಸಿ.
ಹನ್ನೊಂದನ್ನು ಬರಿದು ಮಾಡಿದೆ.
ಏಳನೆಯದರ ಕವಾಟ ಸಿಕ್ಕಿಕೊಂಡಿದೆ ಎಂದು ಬರೆದೆ.
ಒಂಬತ್ತು ದಿನ ಯಾರೂ ಕೇಳಲಿಲ್ಲ.
ಮೂರನೆಯ ದಿನಕ್ಕೇ ಕರೆಂಟು ತೆಗೆದಿದ್ದರು. ಚಕ್ರ ನಿಂತು,
ಹಸಿರು ಮೆಲ್ಲಗೆ ತಳಕ್ಕಿಳಿಯುತ್ತಿತ್ತು.

ಅಪ್ಪ ಬಂದ, ಹಳೆಯ ಡೀಸೆಲ್ ಜನರೇಟರನ್ನು
ಟ್ರಕ್ಕಿಗೆ ಕಟ್ಟಿಕೊಂಡು.
ಪ್ರಯೋಗಾಲಯದಲ್ಲಿ ಉಳಿದಿದ್ದ ಒಂದು ಬಿಯರ್ ಸೀಸೆಯಷ್ಟು ಎಣ್ಣೆ ಕೊಟ್ಟೆ.
ಮೂಸಿದ. "ಮೀನು" ಎಂದ.
ಮತ್ತೆ ಮೂಸಿದ, ಈ ಸಲ ಕಣ್ಣು ಮುಚ್ಚಿ.

"ಇಲ್ಲೊಂದು ಕಡಲಿತ್ತಂತೆ, ಗೊತ್ತಲ್ಲ.
ಮೂವತ್ತು ವರ್ಷ ನಾನು ಮೇಲೆತ್ತಿದ್ದೂ ಇದನ್ನೇ.
ಹಳತು, ಅಷ್ಟೆ. ಮೇಲೆ ಮಣ್ಣು ಬಿದ್ದು
ಇಪ್ಪತ್ತೈದು ಕೋಟಿ ವರ್ಷ ಕಾವಿಗೆ ಕೂತದ್ದು.
ನಿಮ್ಮ ಕಂಪನಿಗೆ ಮೂರು ವರ್ಷ ಕೂರಲು ಪುರುಸೊತ್ತಿಲ್ಲ."

ತಂತಿಯನ್ನು ಏಳನೇ ಕೊಳದ ಚಕ್ರಕ್ಕೆ ಸೇರಿಸಿದೆವು.
ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಹಿಡಿಯಿತು.
ಹಲಗೆಗಳು ಒಂದೊಂದಾಗಿ ನೀರಿಗೆ ಬಿದ್ದವು.
ತಳದಿಂದ ಹಸಿರು ಎದ್ದು, ಮೊದಲು ಎಳೆಎಳೆಯಾಗಿ,
ಆಮೇಲೆ ಇಡೀ ಕೊಳ.
ತನ್ನ ಎಣ್ಣೆಯಲ್ಲಿ ತನ್ನ ಚಕ್ರವನ್ನು ತಾನೇ ತಿರುಗಿಸಿಕೊಂಡಿತು
ಹನ್ನೊಂದು ನಿಮಿಷ.

ಅಪ್ಪ ಗಡಿಯಾರ ನೋಡಿದ. ನಗಲಿಲ್ಲ.
ಟ್ರಕ್ಕಿನಿಂದ ತನ್ನ ಡೀಸೆಲ್ ಡಬ್ಬಿ ತಂದು ಸುರಿಯುತ್ತ,
"ಸಾಲ" ಎಂದ.
"ಇದರ ಮುತ್ತಜ್ಜನ ಲೆಕ್ಕದಲ್ಲಿ ಬರಕೋ."

ಕತ್ತಲಾಗುವವರೆಗೂ ಚಕ್ರ ಕಿರುಗುಟ್ಟಿತು.
ಈಗ ಅಡಿಗೆಮನೆಯ ಕಿಟಕಿಯಲ್ಲೊಂದು ಉಪ್ಪಿನಕಾಯಿ ಜಾಡಿ.
ಕಾಫಿ ಕುದಿಯುವಷ್ಟರಲ್ಲಿ
ಒಮ್ಮೆ ಅಲ್ಲಾಡಿಸುತ್ತೇನೆ.